ಹಿಮ್ಮುಖವಾಗಿ ಏರಿದ ಗಾಡಿ

ನಮ್ಮ ಬೀದಿಯ ಡ್ರೈವರ್ ಅಜ್ಜನನ್ನು ಯಾವ ಮಾತಿಗೆ ಎಳೆದರೂ ಅದು ಕೊನೆಗೆ ಎಂದೋ ಗುಜರಿಗೆ ಹೋದ ಅವನ ಹಳೆಯ ಮೋಟಾರಿಗೇ ಬಂದು ನಿಲ್ಲುತ್ತದೆ. "ಈಗಿನವೂ ಒಂದು ಗಾಡೀನಾ? ಹಳ್ಳ ಕಂಡ್ರೆ ಅಳ್ತವೆ" ಎಂದು ಶುರು ಮಾಡಿದನೆಂದರೆ ಮುಗಿಯಿತು. ಬಂಡೆ ಹತ್ತಿದ್ದು, ಹೊಳೆಗೆ ಇಳಿದದ್ದು, ಮುರಿದ ಸ್ಪ್ರಿಂಗಿಗೆ ಮರದ ತುಂಡು ಕಟ್ಟಿ ಬೆಟ್ಟ ದಾಟಿದ್ದು, ಎಲ್ಲ ಹೇಳುತ್ತಾನೆ; ಕುಳಿತವರ ಹಲ್ಲು ಉದುರಿದರೂ ಅವನ ಪಲ್ಲವಿ ಒಂದೇ: "ಗಾಡಿಗೇನೂ ಆಗ್ಲಿಲ್ಲ ನೋಡು!" ಕಡಿದಾದ ಏರಿನಲ್ಲಿ ಟ್ಯಾಂಕು ಎಂಜಿನ್ನಿಗಿಂತ ತಗ್ಗಾಗಿ, ಪೆಟ್ರೋಲು ಹರಿಯದೆ ನಿಂತುಬಿಡುವ ಗಾಡಿ ಅದು. ಅದಕ್ಕೇ ಅದನ್ನು ತಿರುಗಿಸಿ, ಕತ್ತು ಹೊರಳಿಸಿ ಹಿಂದೆ ನೋಡುತ್ತ, ರಿವರ್ಸಿನಲ್ಲೇ ಬೆಟ್ಟ ಹತ್ತಿಸುತ್ತಿದ್ದನಂತೆ. ಆ ಕತ್ತು ಇಂದಿಗೂ ನೆಟ್ಟಗಾಗಿಲ್ಲವೆಂದು ಬೀದಿಯೆಲ್ಲ ನಗುತ್ತದೆ. ಮೊನ್ನೆ ನಾನೂ ನಗುತ್ತಲೇ, "ಕೊನೇ ಸಲ ಯಾವಾಗ ಹಾಗೆ ಹತ್ತಿಸಿದ್ರಿ ಅಜ್ಜ?" ಎಂದೆ. "ನನ್ನ ಹೆಂಡ್ತಿಗೆ ಹೆರಿಗೆ ನೋವು ಬಂದಾಗ. ಆಸ್ಪತ್ರೆ ಬೆಟ್ಟದ ಮೇಲಿತ್ತು. ಅವಳನ್ನ ಹಿಂದಿನ ಸೀಟಲ್ಲಿ ಮಲಗಿಸಿದ್ದೆ. ದಾರಿ ನೋಡ್ಬೇಕಂದ್ರೆ ಅವಳ ಮುಖಾನೂ ನೋಡ್ಲೇಬೇಕಿತ್ತು. ಏರು ಮುಗಿಯೋದ್ರೊಳಗೆ ಅವಳ ಉಸಿರು ನಿಂತಿತ್ತು." ಆಮೇಲೆ ಅವನ ಬಾಯಿ ತನ್ನ ಪಾಡಿಗೆ ತಾನೇ ಹೇಳಿತು: "ಗಾಡಿಗೇನೂ ಆಗ್ಲಿಲ್ಲ."