ಟೈಲರಮ್ಮನ ಕಂಪ್ಯೂಟರಿಗೆ ಹೊಸ ಬೋರ್ಡು

ಕಂಪ್ಯೂಟರ್ ರಿಪೇರಿಯವನಿಗೆ ಬೀದಿಯವರು ಇಟ್ಟ ಹೆಸರು ಊದುಗೊಳವಿ. ಅಡ್ಡಹೆಸರು ಇಡೋದನ್ನ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ ನೋಡಿ. ಯಾವ ಡಬ್ಬ ತಂದು ಮುಂದಿಟ್ಟರೂ ಅವನು ಮೊದಲು ಮುಚ್ಚಳ ತೆಗೆದು, ಕೆನ್ನೆ ಉಬ್ಬಿಸಿ, ಉಫ್ ಅಂತ ಒಮ್ಮೆ ಊದುತ್ತಿದ್ದ. ಬಾಯಿಂದ ಊದಬಾರದು, ಎಂಜಲು ಹಾರುತ್ತದೆ ಅಂತ ಅವನಿಗೂ ಗೊತ್ತು. ಗಾಳಿ ಊದುವ ಮಿಷನ್ನೂ ಕಪಾಟಿನಲ್ಲಿತ್ತು. ಆದರೂ ಒಂದು ಸಲ ಊದದಿದ್ದರೆ ಪುಣ್ಯಾತ್ಮನಿಗೆ ಕೈ ಓಡುತ್ತಿರಲಿಲ್ಲ. ಧೂಳು ಮೂಗಿಗೆ ಹೋಗಿ, ಸೀನಿ, ಕನ್ನಡಕ ಒರೆಸಿಕೊಂಡ ಮೇಲೇ ಬಂದವರ ಕಷ್ಟ ಕೇಳುತ್ತಿದ್ದ.

ವಯಸ್ಸು ಐವತ್ತು ದಾಟಿತ್ತು. ಮದುವೆಯನ್ನು ಇವತ್ತು ನಾಳೆ ಅಂತ ತಳ್ಳಿಕೊಂಡು ಬಂದದ್ದು ಹಾಗೇ ಉಳಿದುಹೋಗಿತ್ತು. ಅವನನ್ನು ಯಾರೂ ಸುಮ್ಮನೆ ಕರೆದವರಲ್ಲ. ಏನಾದರೂ ಕೆಟ್ಟರೆ ಮಾತ್ರ ಅವನ ನೆನಪು. ಒಡಹುಟ್ಟಿದ ತಮ್ಮ "ಅಣ್ಣಾ, ಹೇಗಿದ್ದೀಯ" ಅಂತ ಫೋನು ಶುರುಮಾಡಿದರೂ ಪ್ರಿಂಟರ್ ಕೈಕೊಟ್ಟಿದೆ ಅಂತಲೇ ಅರ್ಥ. ಅವನಾದರೂ ಅಷ್ಟೇ, ಹೆಗಲಿಗೆ ಚೀಲ ಇಲ್ಲದೆ ಯಾರ ಮನೆ ಮೆಟ್ಟಿಲೂ ಹತ್ತಿದವನಲ್ಲ. ಯಾಕೆ ಬಂದೆ ಅಂತ ಕೇಳಿದರೆ ಏನು ಹೇಳೋದು? ಆ ಪ್ರಶ್ನೆಗೆ ಉತ್ತರ ಯಾವಾಗಲೂ ಚೀಲದೊಳಗೇ ಇರುತ್ತಿತ್ತು.

ಪಕ್ಕದ ಬೀದಿಯ ಟೈಲರಮ್ಮನ ಮನೆಗೆ ಮಾತ್ರ ಅವನು ಮೇಲಿಂದ ಮೇಲೆ ಹೋಗುತ್ತಿದ್ದ. ಆಕೆಯ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ಆಕೆ ಮತ್ತು ಆಕೆಯ ತಾಯಿ ಇಬ್ಬರೇ. ಬಟ್ಟೆಯ ಮೇಲೆ ಹೂವು ಬಳ್ಳಿ ತೆಗೆಯುವ ಕಸೂತಿ ಮಿಷನ್ ಒಂದಿತ್ತು. ಅದಕ್ಕೆ ನಮೂನೆ ಕಳಿಸೋದು ಒಂದು ಹಳೇ ಕಂಪ್ಯೂಟರು. ಮಿಷನ್ನಿನ ಅಗಲ ಬಾಯಿಯ ಕೇಬಲ್ ಹೊಸ ಕಂಪ್ಯೂಟರುಗಳಿಗೆ ಕೂರೋದೇ ಇಲ್ಲ, ಹಾಗಾಗಿ ಈ ಮುದಿ ಡಬ್ಬವನ್ನೇ ಹೇಗಾದರೂ ಓಡಿಸಬೇಕು ಅಂತ ಆಕೆ ಮೊದಲ ದಿನವೇ ಹೇಳಿದ್ದಳು. ಅವನು ಆ ಮಾತನ್ನು ತಲೆಯ ಮೇಲೆ ಹೊತ್ತುಕೊಂಡಿದ್ದ.

ಡಬ್ಬದ ಮದರ್‌ಬೋರ್ಡಿಗೆ ವಯಸ್ಸಾಗಿತ್ತು. ಅದರ ಮೇಲೆ ಕರೆಂಟು ಹಿಡಿದಿಡುವ ಪುಟ್ಟ ಕೆಪಾಸಿಟರುಗಳು ಒಂದೊಂದಾಗಿ ತಲೆ ಊದಿಸಿಕೊಳ್ಳುತ್ತಿದ್ದವು, ಕಂಪ್ಯೂಟರು ಆನ್ ಆಗುತ್ತಿರಲಿಲ್ಲ, ಫೋನು ಬರುತ್ತಿತ್ತು. ಅವನು ಹೋಗುವಷ್ಟರಲ್ಲಿ ಟೈಲರಮ್ಮ ವೈರೆಲ್ಲ ಕಿತ್ತು ಡಬ್ಬವನ್ನು ಮುಂದಿನ ಕೋಣೆಯ ಕಿಟಕಿ ಪಕ್ಕ ಇಟ್ಟಿರುತ್ತಿದ್ದಳು. ಒಳಕೋಣೆ ಹೆಂಗಸರು ಅಳತೆ ಕೊಡುವ ಜಾಗ, ಕಸೂತಿ ಮಿಷನ್ನೂ ಅಲ್ಲೇ; ಅಲ್ಲಿಗೆ ಅವನು ಕಾಲಿಟ್ಟವನಲ್ಲ. ಊದಿದ್ದೊಂದನ್ನು ಕಿತ್ತು ಹೊಸದನ್ನು ಬೆಸುಗೆ ಹಾಕಿ, ಚಹಾ ಕುಡಿದು, ಇನ್ನೊಂದು ಲೋಟ ಕುಡಿದು, ಸಂಜೆ ಹೊತ್ತಿಗೆ ಏಳುತ್ತಿದ್ದ. ಎಲ್ಲವನ್ನೂ ಒಟ್ಟಿಗೇ ಬದಲಾಯಿಸಬಹುದಿತ್ತಲ್ಲ ಅಂತೀರಾ? ಬದಲಾಯಿಸಬಹುದಿತ್ತು. ನೀವೂ ಸರಿ, ಅಷ್ಟೂ ಅರ್ಥವಾಗೋದಿಲ್ಲವೇ?

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಅಂಗಡಿ ಮುಚ್ಚಿದ ಗೆಳೆಯನೊಬ್ಬ ಅದೇ ಕಾಲದ, ಒಮ್ಮೆಯೂ ಬಳಸದ ಮದರ್‌ಬೋರ್ಡೊಂದನ್ನು ಹೋದ ವರ್ಷವೇ ಅವನಿಗೆ ಕೊಟ್ಟಿದ್ದ. ಮಿಷನ್ನಿನ ಕೇಬಲ್ ಸಿಕ್ಕಿಸುವ ಅಗಲ ಬಾಯಿಯ ಪೋರ್ಟೂ ಅದರಲ್ಲಿತ್ತು. ಹಾಕಿದರೆ ಟೈಲರಮ್ಮನ ಕಂಪ್ಯೂಟರು ಇನ್ನು ಕೆಡುವ ಮಾತೇ ಇಲ್ಲ. ಕೆಡದಿದ್ದರೆ ಫೋನೂ ಇಲ್ಲ. ಅವನು ಬೋರ್ಡನ್ನು ಕಪಾಟಿನ ಕೆಳಗಿನ ಅರೆಯಲ್ಲಿಟ್ಟು, ಅದರ ಮೇಲೆ ಹಳೇ ಕೀಬೋರ್ಡುಗಳನ್ನು ಪೇರಿಸಿ, ಮರೆತವನ ಹಾಗೆ ನಟಿಸಿಕೊಂಡಿದ್ದ.

ಆದರೆ ಈ ಸಲ ಹೋಗಿ ಮುಚ್ಚಳ ತೆಗೆದಾಗ ಊದುವುದಕ್ಕೆ ಮೊದಲೇ ಸುಟ್ಟ ವಾಸನೆ ಬಂತು. ಬೋರ್ಡಿನ ಒಂದು ಮೂಲೆ ಕಪ್ಪಾಗಿತ್ತು. ಇನ್ನು ಬೆಸುಗೆಗೆ ಬಗ್ಗುವ ಜೀವ ಅದಲ್ಲ. ಟೈಲರಮ್ಮ ಬಾಗಿಲಲ್ಲಿ ನಿಂತು, ಆಗೋದಿಲ್ವಾ ಅಂತ ಕೇಳಿದಳು. ಆ ಮುಖ ನೋಡಿ ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ತನ್ನ ಎರಡು ಲೋಟ ಚಹಾದ ಆಸೆಗೆ ಈಕೆಯ ಅನ್ನದ ಮೇಲೆ ಕಲ್ಲು ಹಾಕುತ್ತಿದ್ದೇನಲ್ಲ ಅಂತ ತನ್ನನ್ನೇ ಬೈದುಕೊಂಡ. ಈಗ ಬಂದೆ ಅಂತ ಹೇಳಿ ಅಂಗಡಿಗೆ ಹೋಗಿ, ಕೀಬೋರ್ಡುಗಳನ್ನೆಲ್ಲ ಸರಿಸಿ, ಬೋರ್ಡು ತಂದ.

ಕೆಲಸ ಶುರುವಾಯಿತು. ಫ್ಯಾನು, ಪ್ರೊಸೆಸರು, ಮೆಮೊರಿ ಪಟ್ಟಿ ಎಲ್ಲ ಬಿಚ್ಚಿ ಸಾಲಾಗಿ ಇಟ್ಟ. ಹಳೇ ಬೋರ್ಡನ್ನು ಎತ್ತಿ ಪಕ್ಕಕ್ಕೆ ಇರಿಸಿ, ಹೊಸದನ್ನು ಕೂರಿಸಿ, ಸ್ಕ್ರೂ ಬಿಗಿದು, ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿ ಬಟನ್ ಒತ್ತಿದ. ಫ್ಯಾನು ಒಂದು ಸುತ್ತು ಸುತ್ತಿ ನಿಂತುಬಿಟ್ಟಿತು. ಮತ್ತೆ ಒತ್ತಿದ. ಮತ್ತೆ ನಿಂತಿತು.

ಅವನಿಗೆ ಏನಾಗಿದೆ ಅಂತ ತಕ್ಷಣ ಹೊಳೆಯಿತು. ಬೋರ್ಡು ಡಬ್ಬದ ತಗಡಿಗೆ ತಾಗದಿರಲಿ ಅಂತ ಕೆಳಗೆ ಹಿತ್ತಾಳೆಯ ಸಣ್ಣ ಕಾಲುಗಳಿರುತ್ತವೆ. ಹಳೇ ಬೋರ್ಡಿನ ಒಂದು ಸ್ಕ್ರೂ ತೂತು ಹೊಸದರಲ್ಲಿ ಇರಲಿಲ್ಲ; ಅಲ್ಲಿನ ಕಾಲನ್ನು ಕೀಳಬೇಕಿತ್ತು, ಕಿತ್ತಿರಲಿಲ್ಲ. ಅದು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತಿತ್ತು. ಕಂಡವರಿಗೆಲ್ಲ ಇದನ್ನೇ ಹೇಳಿ ತಲೆ ತಿನ್ನುವವನು ತಾನೇ ಮರೆತಿದ್ದ. ಮನಸ್ಸು ಇನ್ನೆಲ್ಲೋ ಇದ್ದರೆ ಇನ್ನೇನಾಗುತ್ತೆ ಹೇಳಿ?

ಅವನು ಇಕ್ಕಳ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟ. ಈ ಬೋರ್ಡೂ ಸರಿಯಿಲ್ಲ, ಇನ್ನೊಂದು ಹುಡುಕುತ್ತೇನೆ ಅಂದರೆ ಕೇಳುವವರಿಲ್ಲ. ಹುಡುಕುತ್ತಾ ಹುಡುಕುತ್ತಾ ಇನ್ನೂ ಎಷ್ಟೋ ಸಲ ಬರಬಹುದು. ಆಮೇಲೆ ನಿಟ್ಟುಸಿರು ಬಿಟ್ಟು, ಬೋರ್ಡನ್ನು ಮತ್ತೆ ಬಿಚ್ಚಿ, ಇಕ್ಕಳದಿಂದ ಆ ಕಾಲನ್ನು ತಿರುಗಿಸಿ ಕಿತ್ತು ಜೇಬಿಗೆ ಹಾಕಿಕೊಂಡ. ಈ ಸಲ ಕಂಪ್ಯೂಟರು ಲಕ್ಷಣವಾಗಿ ಆನ್ ಆಯಿತು. ಇಷ್ಟು ಚೆನ್ನಾಗಿ ಕೆಲಸ ಮಾಡಿ ಇಷ್ಟು ಹುಳ್ಳಗೆ ಮುಖ ಮಾಡಿಕೊಂಡವನನ್ನು ನಾನಂತೂ ಕಂಡಿಲ್ಲ.

ಹೊಸ ಬೋರ್ಡಲ್ಲವೇ, ಕಸೂತಿ ಮಿಷನ್ ಜೊತೆ ಒಂದು ಸಲ ನೋಡಿಯೇ ಹೋಗುತ್ತೇನೆ, ಕೇಬಲ್ ಕೊಡಿ ಅಂದ. ಟೈಲರಮ್ಮ ನಿಂತಲ್ಲಿಂದ ಅಲ್ಲಾಡಲಿಲ್ಲ. ಕಿಟಕಿ ಹತ್ತಿರ ಕೂತು ಗುಂಡಿ ಹೊಲಿಯುತ್ತಿದ್ದ ತಾಯಿ ತಲೆ ಇನ್ನಷ್ಟು ಬಗ್ಗಿಸಿದಳು. ಕೇಬಲ್ ಬರಲಿ ಅಂತ ಕಾಯುತ್ತಾ ಅವನು ಹಳೇ ಬೋರ್ಡನ್ನು ಚೀಲಕ್ಕೆ ಹಾಕಲು ಎತ್ತಿಕೊಂಡ. ಆಗ ಅದರ ಅಗಲ ಬಾಯಿಯ ಪೋರ್ಟು ಕಣ್ಣಿಗೆ ಬಿತ್ತು. ತೂತುಗಳ ತುಂಬಾ ಧೂಳು ಗಟ್ಟಿಯಾಗಿ ಕೂತಿತ್ತು. ಧೂಳಿನ ಮೇಲೆ ಜೇಡ ಅಚ್ಚುಕಟ್ಟಾಗಿ ಬಲೆ ಕಟ್ಟಿತ್ತು. ಎಷ್ಟು ಸಲ ಈ ಡಬ್ಬ ಬಿಚ್ಚಿದ್ದಾನೆ, ಒಳಗೆಲ್ಲ ಊದಿದ್ದಾನೆ, ಭೂತಗನ್ನಡಿ ಹಿಡಿದು ಕೂತಿದ್ದಾನೆ. ಈ ಪೋರ್ಟಿನ ಕಡೆ ಮಾತ್ರ ಒಮ್ಮೆಯೂ ಗಮನ ಕೊಟ್ಟಿರಲಿಲ್ಲ. ಕಣ್ಣು ಬೇರೆ ಕಡೆ ಇತ್ತಲ್ಲ ಮಹಾರಾಯನಿಗೆ.

"ಇದಕ್ಕೆ ಕೇಬಲ್ ಹಾಕಿ ತುಂಬಾ ಕಾಲ ಆಗಿದೆ," ಅಂದ.

ಟೈಲರಮ್ಮ ಅಳತೆ ಟೇಪನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು, ಮತ್ತೆ ಸುತ್ತಿಕೊಂಡಳು. ಹಳೇ ಮಿಷನ್ ಮಾರಿಯಾಯಿತು, ಹೊಸ ಮಿಷನ್ ಜೊತೆಗೇ ಹೊಸ ಕಂಪ್ಯೂಟರೂ ಬಂತು, ಎರಡೂ ಒಳಗಿವೆ ಅಂತ ನೆಲ ನೋಡಿಕೊಂಡೇ ಹೇಳಿದಳು.

"ಮತ್ತೆ ಇದು?"

"ದಿನಾ ಬೆಳಿಗ್ಗೆ ಇದರ ಬಟನ್ ಒತ್ತಿ ನೋಡ್ತೀನಿ," ಅಂದಳು ಆಕೆ. "ಇವತ್ತಾದ್ರೂ ಆನ್ ಆಗದೆ ಇರಲಿ ಅಂತ."

ಊದುಗೊಳವಿಯ ಬಾಯಲ್ಲಿ ಗಾಳಿಯೇ ಇಲ್ಲದ ಹಾಗಾಯಿತು. ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳಬೇಕು ಅಂತ ತಿಳಿಯದೆ, ಕನ್ನಡಕ ತೆಗೆದು ಒರೆಸಿದ್ದನ್ನೇ ಒರೆಸಿದ. ಆಮೇಲೆ ಬೋರ್ಡು ಹೋದ ವರ್ಷದಿಂದ ತನ್ನ ಕಪಾಟಿನಲ್ಲೇ ಇದ್ದ ಸಂಗತಿಯನ್ನು ತಡವರಿಸುತ್ತಾ ಹೇಳಿದ. ಇಬ್ಬರೂ ಸೇರಿ ಒಂದು ಡಬ್ಬಕ್ಕೆ ಇಷ್ಟು ಕಾಟ ಕೊಟ್ಟಿರಲ್ಲ ಅಂತ ತಾಯಿ ಗೊಣಗಿ, ಹಲ್ಲಲ್ಲಿ ದಾರ ಕಡಿದಳು. ಆ ಕಂಪ್ಯೂಟರನ್ನು ಯಾರಿಗಾದರೂ ಕೊಟ್ಟುಬಿಡಿ ಅಂತಲೂ ಅಪ್ಪಣೆಯಾಯಿತು.

ಮುಂದಿನ ವಾರ ಅವನು ಬಂದ. ಹೆಗಲು ಖಾಲಿ. ಚೀಲ ಇಲ್ಲದ ಕೈಗಳನ್ನು ಏನು ಮಾಡಬೇಕೋ ತಿಳಿಯದೆ ಒಮ್ಮೆ ಹಿಂದೆ ಕಟ್ಟಿಕೊಂಡ, ಒಮ್ಮೆ ಜೇಬಿಗೆ ತುರುಕಿದ. ಜೇಬಿನಲ್ಲಿ ಆ ಹಿತ್ತಾಳೆ ಕಾಲು ಸಿಕ್ಕಿತು, ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಬಾಗಿಲು ತೆಗೆದ ತಾಯಿ ಅವನನ್ನು ಮೇಲಿಂದ ಕೆಳಗೆ ನೋಡಿ, ಬೇಕೆಂದೇ ಕೇಳಿದಳು.

"ಏನು ಕೆಟ್ಟಿದೆ ಅಂತ ಬಂದ್ರಿ?"

"ಏನೂ ಕೆಟ್ಟಿಲ್ಲ ಅಮ್ಮ," ಅಂದ ಅವನು. "ಸುಮ್ನೆ ಬಂದೆ."

ಒಳಗೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು.