ಗಿರಣಿಯಕ್ಕನ ಪರವಾಗಿ ಕೊಟ್ಟ ಉತ್ತರ

ಟಣ್, ಟಣ್, ಟಣ್. ಓಣಿಯ ಆಚೆ ಬದಿಯ ಗಿರಣಿಯಲ್ಲಿ ಬೀಸುವ ಕಲ್ಲಿಗೆ ಉಳಿಯಿಂದ ಹೊಸ ಕಚ್ಚು ಹಾಕುವ ಸದ್ದು. ತಮ್ಮನ ಮನೆಯ ಹೊರಕೋಣೆಯಲ್ಲಿ ದಿಂಬಿಗೊರಗಿ ಕೂತಿದ್ದ ಗಿರಣಿಯಕ್ಕ ಹಲ್ಲು ಕಡಿದಳು. ನಾಲ್ಕು ದಿನದ ಮಟ್ಟಿಗೆ ಗಿರಣಿ ನೋಡಿಕೊಳ್ಳಲು ಬಂದವನಾದರೆ ಸವೆದ ಕಲ್ಲಲ್ಲೇ ಬೀಸಿ, ತರಿತರಿ ಹಿಟ್ಟು ಕೊಟ್ಟು, ಜನರ ಹತ್ತಿರ ಬೈಸಿಕೊಂಡು ಹೋಗುತ್ತಾನೆ. ಕಲ್ಲಿಗೆ ಕಚ್ಚು ಹಾಕುವವನು ಅಲ್ಲೇ ಬೇರೂರುವವನು.

"ನನ್ನ ಕಲ್ಲು ಮುಟ್ಟೋಕೆ ಆ ಹೊಸಬನಿಗೆ ಯಾರು ಹೇಳಿದ್ದು?"

"ಅವನಿಗೆ ಆ ಕೆಲಸ ಬರುತ್ತೆ ಅಕ್ಕ," ಎಂದ ತಮ್ಮ.

"ಬರುತ್ತಾ ಅಂತ ನಾನು ಕೇಳಲಿಲ್ಲ."

ತಮ್ಮ ಕಿಟಕಿ ಮುಚ್ಚಿದ. ಸದ್ದು ಸ್ವಲ್ಪ ದೂರ ಸರಿಯಿತು, ಅಷ್ಟೆ.

ಗಂಡನ ಮನೆ ಬಿಟ್ಟು ಬಂದ ದಿನ ಅವಳು ತವರಿನ ಹೊಸಿಲು ತುಳಿದಿರಲಿಲ್ಲ. ನೆಟ್ಟಗೆ ಅಪ್ಪನ ಗಿರಣಿಗೆ ಹೋಗಿ, ಅದರ ಹಿಂದಿನ ಕೋಣೆಯಲ್ಲಿ ಒಲೆ ಹೂಡಿದ್ದಳು. ಅಪ್ಪ ಹೋದ ಮೇಲೆ ಗಿರಣಿ ಅವಳದೇ ಆಯಿತು. ರೆಪ್ಪೆಯ ತುದಿಗೂ ಹಿಟ್ಟು ಕೂತ ಮುಖ, ಯಂತ್ರದ ಸದ್ದನ್ನು ಮೀರಿ ಕೂಗಿ ಕೂಗಿ ಒರಟಾದ ಗಂಟಲು. ಸರಿಯಾಗಿ ಒಣಗಿಸದ ಕಾಳು ತಂದವರಿಗೆ ಅವಳ ಬಾಯಿಯಿಂದ ಬಿಡುಗಡೆ ಇರಲಿಲ್ಲ. ಅಡುಗೆ, ಬಟ್ಟೆ, ಮೂಟೆ ಎಲ್ಲವೂ ಅವಳ ಎರಡೇ ಕೈಯಲ್ಲಿ. ತಮ್ಮನ ಮನೆಯಿಂದ ಪಾತ್ರೆ ತುಂಬ ಏನಾದರೂ ಬಂದರೆ, ಅದು ಮುಚ್ಚಳ ತೆಗೆಯದೆ ಹಿಂದಿರುಗುತ್ತಿತ್ತು.

ಅಂಥವಳನ್ನು ಒಂದು ಕೆಮ್ಮು ಮಲಗಿಸಿತು. ಸೋಂಕು ಶ್ವಾಸಕೋಶಕ್ಕೆ ಇಳಿದು, ಗಂಟಲಿಗೆ ನಳಿಗೆ ಹಾಕಿ ಯಂತ್ರದಿಂದ ಉಸಿರಾಡಿಸಿದರು. ಕಣ್ಣು ಬಿಟ್ಟಾಗ ಕಾಲುಗಳು ಖಾಲಿ ಚೀಲದ ಹಾಗೆ ಬಿದ್ದಿದ್ದವು. ಆಸ್ಪತ್ರೆಯಿಂದ ಬಿಡುವ ದಿನ ಫಿಸಿಯೋಥೆರಪಿಯ ಹುಡುಗಿ ತಮ್ಮನನ್ನು ಪಕ್ಕಕ್ಕೆ ಕರೆದು, "ಇನ್ನು ಮೇಲೆ ಇವರು ಒಬ್ಬರೇ ಇರೋದು ಕಷ್ಟ. ಸ್ನಾನಕ್ಕೆ, ಬಟ್ಟೆಗೆ ಕೊನೆತನಕ ಯಾರಾದ್ರೂ ಬೇಕಾಗಬಹುದು" ಎಂದಿದ್ದಳು. ತಮ್ಮನಿಗೆ ಅಷ್ಟು ಸಾಕಾಯಿತು. ಗಿರಣಿಯನ್ನು, ಹಿಂದಿನ ಕೋಣೆಯ ಸಮೇತ, ಆ ಹೊಸಬನಿಗೆ ಬಿಟ್ಟುಕೊಡುವುದಾಗಿ ಮಾತು ಕೊಟ್ಟ. ಅದೇ ಹುಡುಗಿ ಈ ದಿನ ಮನೆಗೆ ಬಂದು ನೋಡಬೇಕಿತ್ತು. ಅವಳು ಮತ್ತೆ ಹಾಗೇ ಅಂದರೆ ಹೊಸಬನ ಸಾಮಾನು ಬಂದಿಳಿಯುತ್ತದೆ.

ಹುಡುಗಿ ಬಂದಳು. ಬಿಸಿಲಲ್ಲಿ ನಡೆದು ಸುಸ್ತಾಗಿದ್ದಳು.

"ಹೇಗಿದೀರಮ್ಮ?"

"ಭವಿಷ್ಯ ಹೇಳೋಳು ನೀನು. ನೀನೇ ಹೇಳು."

ಹುಡುಗಿ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಕುರ್ಚಿಯಿಂದ ಏಳಿಸಿದಳು, ಕೂರಿಸಿದಳು, ಬಚ್ಚಲಿನವರೆಗೆ ನಡೆಸಿದಳು. ವಾಕರ್ ಹಿಡಿದು ಅಕ್ಕ ಹೋಗಿಬಂದಳು. ಉಸಿರು ಕಟ್ಟಿತು, ಬೀಳಲಿಲ್ಲ. ತಲೆ ಬಾಚಲು ಹೋದಾಗ ಕೈ ಕಿವಿಯ ಮೇಲಕ್ಕೆ ಏರಲಿಲ್ಲ. ಬಾಚಣಿಗೆಯನ್ನು ಮಂಚದ ಮೇಲೆ ಎಸೆದಳು.

"ನಾನು ಅಂದ್ಕೊಂಡಿದ್ದಕ್ಕಿಂತ ಎಷ್ಟೋ ಮುಂದೆ ಇದೀರಲ್ಲ," ಎಂದು ಹುಡುಗಿ ಹುಬ್ಬುಗಂಟಿಕ್ಕಿ ಮನೆಯವರತ್ತ ತಿರುಗಿದಳು. "ಕಾಯಿಲೆಗೆ ಮುಂಚೆ ಇವರ ಸ್ನಾನ, ಅಡುಗೆ ಎಲ್ಲ ಯಾರು ನೋಡ್ಕೋತಿದ್ರು?"

ಬಾಗಿಲಲ್ಲಿ ನಿಂತಿದ್ದ ನಾದಿನಿ, ತಮ್ಮನ ಹೆಂಡತಿ, ತಟ್ಟನೆ ಬಾಯಿ ಹಾಕಿದಳು. "ಆಸ್ಪತ್ರೆಲಿ ಆವತ್ತೇ ಹೇಳಿದ್ನಲ್ಲ. ಎಲ್ಲಾ ನಾವೇ. ಅತ್ತಿಗೆಗೆ ಒಂದು ಲೋಟ ತೊಳೆಯೋಕೂ ಬಿಟ್ಟೋರಲ್ಲ ನಾವು."

ಅಕ್ಕ ನಾದಿನಿಯತ್ತ ತಿರುಗಿದಳು.

"ಏನಂದೆ?" ಎಂದಳು ಅಕ್ಕ.

"ಮರ್ಯಾದೆಗೆ ಒಂದು ಮಾತು ಅತ್ತಿಗೆ."

"ಯಾರ ಮರ್ಯಾದೆಗೆ?"

"ಅಲ್ಲಿ ಅಕ್ಕಪಕ್ಕದ ಹಾಸಿಗೆಯೋರೆಲ್ಲ ಕಿವಿ ಇಟ್ಕೊಂಡು ಕೂತಿದ್ರು. ಒಡಹುಟ್ಟಿದ ಅಕ್ಕ ಎದುರಿಗೇ ಒಂಟಿಯಾಗಿ ಬೇಯಿಸ್ಕೊಂಡು ತಿನ್ನುತ್ತೆ, ನಾವು ನೋಡ್ಕೊಂಡು ಕೂತಿರ್ತೀವಿ ಅಂತ ಹೇಳಬೇಕಿತ್ತಾ? ನಾನು ಕಳಿಸಿದ್ದನ್ನ ಒಂದು ದಿನವಾದ್ರೂ ಬಾಯಿಗಿಟ್ಟಿದ್ರಾ ನೀವು?"

"ಇಡಲಿಲ್ಲ. ಇನ್ಮುಂದೂ ಇಡಲ್ಲ. ಅದಕ್ಕೆ ನನ್ನನ್ನ ಹೆಳವಿ ಮಾಡಿದ್ಯಾ? ನನ್ನ ಗಂಟಲಲ್ಲಿ ನಳಿಗೆ ಇದ್ದಾಗ, ನನ್ನ ಬಾಯಿ ನೀನಾದ್ಯಾ?"

ಫಿಸಿಯೋ ಹುಡುಗಿ ನಿಧಾನವಾಗಿ ಮಂಚದ ಅಂಚಿಗೆ ಕೂತಳು. "ಹಾಗಾದ್ರೆ ಇವರು ಒಬ್ಬರೇ ಇದ್ರಾ? ಎಲ್ಲಾ ಕೆಲಸ ತಾವೇ ಮಾಡ್ಕೋತಿದ್ರಾ?"

ತಮ್ಮ ನೆಲ ನೋಡಿದ. "ಹೂಂ. ಮೂಟೆನೂ ಇವಳೇ ಹೊರ್ತಿದ್ಲು."

"ಇದನ್ನ ಆವತ್ತೇ ಹೇಳಬೇಕಿತ್ತು ನೀವು. ಇಷ್ಟು ದೊಡ್ಡ ಕಾಯಿಲೆ ಆದ್ಮೇಲೆ ಎಷ್ಟು ಚೇತರಿಸ್ಕೋತಾರೆ ಅಂತ ಅಂದಾಜು ಮಾಡೋವಾಗ, ಮುಂಚೆ ಹೇಗಿದ್ರು ಅನ್ನೋದನ್ನೇ ನಾವು ಮೊದಲು ನೋಡೋದು. ಮುಂಚೆನೇ ಏನೂ ಮಾಡ್ಕೋತಿರಲಿಲ್ಲ ಅಂದ್ರೆ, ಇನ್ನು ಮೇಲೂ ಆಗಲ್ಲ ಅಂತಾನೇ ಹೇಳ್ತೀವಿ."

"ಈಗೇನಂತೀಯ?" ಅಕ್ಕ ಕೇಳಿದಳು. ಆ ದನಿಯಲ್ಲಿ ಬೇಡಿಕೆ ಇರಲಿಲ್ಲ.

"ಸ್ನಾನ, ಅಡುಗೆ, ಒಬ್ಬರೇ ಇರೋದು, ಇದೆಲ್ಲ ನಿಧಾನವಾಗಿ ಆಗುತ್ತೆ ಅನ್ಸುತ್ತೆ. ಖಂಡಿತ ಅಂತ ಹೇಳಲ್ಲ. ಭುಜ ಸರಿಹೋಗೋಕೆ ಹೊತ್ತು ಹಿಡಿಯುತ್ತೆ. ಮೂಟೆ ಮಾತ್ರ ಬೇಡಮ್ಮ. ಅದು ಇನ್ನು ಆಗದೆಯೂ ಇರಬಹುದು."

ಅಕ್ಕ ಆ ಕೊನೆಯ ಮಾತನ್ನು ಔಷಧಿಯ ಹಾಗೆ ನುಂಗಿದಳು. ಮುಖ ಕಿವುಚಿದಳು, ಉಗುಳಲಿಲ್ಲ. ಕೈಗೆ ಮಾಡಬೇಕಾದ ವ್ಯಾಯಾಮ ತೋರಿಸಿ ಹುಡುಗಿ ಹೊರಟಳು.

ಅವಳು ಮರೆಯಾಗುವುದನ್ನೇ ಕಾದಿದ್ದ ತಮ್ಮ ಬಾಯಿ ತೆರೆದ. "ಈಗ ಆ ಹೊಸಬನಿಗೆ ಮಾತು ಕೊಟ್ಟಾಗಿದೆ ಅಕ್ಕ. ನಾನು ಅವನಿಗೆ ಹೇಗೆ ಮುಖ ತೋರಿಸಲಿ?"

"ತೋರಿಸಬೇಡ. ಅಂಥ ಚೆಂದದ ಮುಖವೇನೂ ಅಲ್ಲ ಅದು."

"ಇಲ್ಲೇ ಇದ್ರೆ ಏನು ಕಡಿಮೆ ಮಾಡ್ತೀವಿ ನಿಮಗೆ?" ನಾದಿನಿ ಬಾಗಿಲಿಂದ ಮುಂದೆ ಬಂದಳು. "ಹೇಲು ಉಚ್ಚೆ ಬಾಚಿದೀನಿ ಅತ್ತಿಗೆ. ಅದೂ ಸುಳ್ಳಾ?"

ಅದು ಸುಳ್ಳಲ್ಲ. ಅದು ಸುಳ್ಳಲ್ಲವೆಂಬುದೇ ಅಕ್ಕನ ಮೈಯನ್ನು ಇನ್ನಷ್ಟು ಉರಿಸಿತು.

"ನಿಜ. ಸಾಯೋತನಕ ಅದನ್ನ ಹೇಳ್ಕೊಂಡು ತಿರುಗು, ಯಾರೂ ಬೇಡ ಅನ್ನಲ್ಲ. ಆದ್ರೆ ನನಗೆ ಏನು ಆಗುತ್ತೆ, ಏನು ಆಗಲ್ಲ ಅಂತ ಕೇಳೋಕೆ ಯಾರಾದ್ರೂ ಬಂದ್ರೆ, ನೀನು ಬಾಯಿ ಮುಚ್ಕೊಂಡಿರು."

ವಾಕರಿನ ಮೇಲೆ ಭಾರ ಹಾಕಿ ಎದ್ದಳು. ತಮ್ಮ ತೋಳು ಹಿಡಿಯಲು ಬಂದ. ಅವಳು ನೋಡಿದ ನೋಟಕ್ಕೆ ಕೈ ಹಿಂದೆಳೆದುಕೊಂಡ.

"ಎಲ್ಲಿಗೆ ಹೊರಟೆ?"

"ಅವನ ಹತ್ತಿರ. ನಿನ್ನ ಕೈಯಲ್ಲಿ ಹೇಳೋಕಾಗಲ್ಲ. ನಿನ್ನ ಹೆಂಡತಿನ ಕಳಿಸಿದ್ರೆ ಇನ್ನೇನು ಸೇರಿಸ್ತಾಳೋ." ವಾಕರಿನ ಮುಂಗಾಲು ಹೊಸಿಲು ದಾಟಿತು; ಹಿಂದೆಯೇ ಅವಳೂ ದಾಟಿದಳು, ಹಿಂತಿರುಗಿ ನೋಡದೆ, ಮಾತು ನಿಲ್ಲಿಸದೆ. "ನಾನೇ ಎದುರಿಗೆ ನಿಂತು ಹೇಳ್ತೀನಿ. ನೋಡಪ್ಪ, ಮೂಟೆ ಎತ್ತೋಕೆ ನೀನಿರು, ಬೇಡ ಅನ್ನಲ್ಲ. ಆದ್ರೆ ಹಿಂದಿನ ಕೋಣೆಗೆ ನಿನ್ನ ಒಂದು ಚಾಪೆನಾದ್ರೂ ಬಂತೋ, ಎತ್ತಿ ಓಣಿಗೆ ಎಸೀತೀನಿ. ಅದು ನನ್ನದು."