ಹಸಿರು ಪೆನ್ನಿನ ಅಧಿಕಾರ

ಎಂಬತ್ತರ ದಶಕದಲ್ಲಿ ಮದ್ರಾಸಿನ ಒಂದು ಸರ್ಕಾರಿ ಕಚೇರಿಗೆ ನಾನು ನಕ್ಷೆ ಬರೆಯುವ ಕಂಪ್ಯೂಟರ್ ಪ್ರೋಗ್ರಾಂ ಮಾಡಿಕೊಟ್ಟೆ. ಅದು ಹೇಳಿದಂತೆ ಕಾಗದದ ಮೇಲೆ ಗೆರೆ ಎಳೆಯುವ ಯಂತ್ರಕ್ಕೆ ನಾಲ್ಕು ಪೆನ್ನುಗಳಿದ್ದವು. ಗಡಿಗಳಿಗೆ ಕಪ್ಪು, ನೀರು ಸಾಲದ ಬೀದಿಗೆ ಕೆಂಪು, ವಾಂತಿಭೇದಿ ಇರುವ ಬೀದಿಗೆ ನೀಲಿ, ಎರಡೂ ಇದ್ದರೆ ಹಸಿರು. ಹಸಿರು ಬೀದಿಗಳಿಗೆ ಮೊದಲು ಹೊಸ ಪೈಪು ಹಾಕುವುದೆಂದು ತೀರ್ಮಾನವಾಗಿತ್ತು. ರಾಯಪುರಂನ ಕಡಲಂಚಿನ ಬೀದಿಗಳೆಲ್ಲ ಹಸಿರಾಗಿ ಬಂದವು.

ಸೂಪರಿಂಟೆಂಡೆಂಟ್ ಮಾಧವರಾಯರು ಮೂರು ತಲೆಮಾರಿನಿಂದ ವೆಸ್ಟ್ ಮಾಂಬಲಂನಲ್ಲಿದ್ದ ಕನ್ನಡಿಗರು. ನಕ್ಷೆ ನೋಡಿ ಹೌಹಾರಿದರು.

"ಅಯ್ಯೋ, ಹಸಿರು ವೇಂಡಾಂಪಾ, ಬೇಡವೇ ಬೇಡ! ಹಸಿರು ಇಂಕು ದೊಡ್ಡ ಸಾಹೇಬರಿಗೆ ಮಾತ್ರ."

"ಇದು ಸಹಿಯಲ್ಲ ಸಾರ್, ಕಾಯಿಲೆ."

"ಏನಾದರೂ ಆಗಲಿ. ಮೂವತ್ತು ವರ್ಷದ ಸರ್ವೀಸಲ್ಲಿ ನಾನೇ ಹಸಿರು ಪೆನ್ನು ಮುಟ್ಟಿಲ್ಲ. ನಿನ್ನ ಮಿಷಿನ್ನು ಮೊನ್ನೆ ಬಂದದ್ದು, ಅದಕ್ಕೆ ಹಸಿರು ಬೇಕಾ? ನೀಲೀನೇ ಹಾಕಿಬಿಡು."

ನೀಲಿ ಹಾಕಿದರೆ ರಾಯಪುರಂನಲ್ಲಿ ಕಾಯಿಲೆ ಮಾತ್ರ ಇದೆ, ನೀರು ಸಾಕಷ್ಟಿದೆ ಎಂದಾಗುತ್ತದೆ, ಪೈಪು ಬರುವುದಿಲ್ಲ ಎಂದೆ. ರಾಯರು ಇಕ್ಕಟ್ಟಿಗೆ ಸಿಕ್ಕಿದರು. ನಿಯಮ ಮುರಿಯುವವರಲ್ಲ, ಜನ ಕೆಟ್ಟ ನೀರು ಕುಡಿಯಲಿ ಎನ್ನುವವರೂ ಅಲ್ಲ. ಕೊನೆಗೆ ಆ ಬೀದಿಗಳನ್ನು ಖಾಲಿ ಬಿಡಿಸಿ, ಪೆನ್ಸಿಲಿನಲ್ಲಿ ಗುರುತು ಹಾಕಿ, 'ತಾವು ಹಸಿರು ತುಂಬಬೇಕಾಗಿ ವಿನಂತಿ' ಎಂಬ ಟಿಪ್ಪಣಿಯೊಂದಿಗೆ ಸಾಹೇಬರಿಗೆ ಕಳಿಸಿದರು.

ಸಾಹೇಬರು ಮಧ್ಯಾಹ್ನವೆಲ್ಲ ಬಾಗಿಲು ಹಾಕಿಕೊಂಡು ಒಂದೊಂದೇ ಬೀದಿಗೆ ಬಣ್ಣ ತುಂಬಿದರು. ಅವರು ಪೂರ್ತಿ ನೋಡಿದ ಮೊದಲ ವರದಿ ಅದೇ ಎಂದು ರಾಯರು ಆಮೇಲೆ ಹೇಳಿದರು. ಪೈಪು ಮೊದಲು ರಾಯಪುರಂಗೇ ಹೋಯಿತು. ನಾನು ಪ್ರೋಗ್ರಾಮಿನಿಂದ ಹಸಿರು ಪೆನ್ನು ಎತ್ತಿಕೊಳ್ಳುವ ಸಾಲನ್ನು ಶಾಶ್ವತವಾಗಿ ತೆಗೆದುಹಾಕಿದೆ. ಆ ಕೆಲಸಕ್ಕೆ ಸಾಹೇಬರೇ ವಾಸಿ.